'ಕೇಬಲ್ ಗೈ' ಅರ್ಧಕ್ಕೆ ಬಿಡಬೇಡಿ

ನಮಸ್ಕಾರ. ಕಾಮಿಡಿ ಅಂತ 'ಕೇಬಲ್ ಗೈ' ಸಿನಿಮಾ ಹಾಕಿದೆ, ನಗುವ ಬದಲು ಭಯವಾಯ್ತು, ಅರ್ಧಕ್ಕೆ ನಿಲ್ಲಿಸಿದೆ, ಮುಂದೆ ನೋಡಲಾ ಅಂತ ಕೇಳಿದ್ದೀರಿ. ಖಂಡಿತ ನೋಡಿ.

ಭಯವಾದದ್ದು ಸಹಜ. 1994ರ 'ದಿ ಮಾಸ್ಕ್'ನಲ್ಲಿ ನಗಿಸಿದ ಜಿಮ್ ಕ್ಯಾರಿಯ ಅದೇ ಮುಖ, ಅದೇ ಚೇಷ್ಟೆ 1996ರ ಈ ಸಿನಿಮಾದಲ್ಲಿ ಹೆದರಿಸುತ್ತದೆ. ನಿರ್ದೇಶಕ ಬೆನ್ ಸ್ಟಿಲ್ಲರ್ ಬೇಕಂತಲೇ ಹಾಗೆ ಮಾಡಿದ್ದಾರೆ.

ನನಗೆ ಜಾಸ್ತಿ ತಟ್ಟಿದ್ದು ಸ್ಟೀವನ್ ಪಾತ್ರ. ಪುಕ್ಕಟೆ ಚಾನೆಲ್ ಆಸೆಗೆ ಕೇಬಲ್‌ನವನಿಗೆ, ಅಂದರೆ ಕ್ಯಾರಿಯ ಪಾತ್ರಕ್ಕೆ, ಲಂಚ ಕೊಡಲು ಹೋಗುತ್ತಾನೆ. ಅಲ್ಲಿಂದ ಗೆಳೆತನ ಅಂಟಿಕೊಳ್ಳುತ್ತದೆ. ಸಾಲು ಸಾಲು ಫೋನ್ ಮೆಸೇಜು, ಕೇಳದ ದುಬಾರಿ ಉಡುಗೊರೆ. ಬೇಡ ಅನ್ನಲು ಸ್ಟೀವನ್‌ಗೆ ಬಾಯಿ ಬರುವುದಿಲ್ಲ.

ನಾನು ಮುಂಬೈ ಹತ್ತಿರದ ಡೊಂಬಿವಲಿಗೆ ಬಂದ ಹೊಸತರಲ್ಲಿ ಪಕ್ಕದ ಬಿಲ್ಡಿಂಗಿನವರೊಬ್ಬರು "ನೀವೂ ಕನ್ನಡದವರಾ?" ಅಂತ ಹತ್ತಿರವಾದರು. ಮರಾಠಿ ಬಾರದ ನನಗೆ ಜೀವ ಬಂದಂತಾಯ್ತು. ಆಮೇಲೆ ದಿನಾ ಬೆಳಿಗ್ಗೆ ಬಾಗಿಲಲ್ಲಿ ಅವರೇ, ಲೋಕಲ್ ರೈಲಿನಲ್ಲಿ ಸೀಟು ಹಿಡಿದು ಕೂತವರೂ ಅವರೇ. ಒಂದು ಭಾನುವಾರ ಫೋನ್ ಎತ್ತದಿದ್ದರೆ ಮುನಿಸು. ಊರವರು ಅಂತ ದಾಕ್ಷಿಣ್ಯಕ್ಕೆ ಎರಡು ವರ್ಷ ಸುಮ್ನಿದ್ದೆ. ಕೆಟ್ಟವರಲ್ಲ, ತುಂಬಾ ಒಂಟಿಯಾಗಿದ್ದರು.

ಸಿನಿಮಾದಲ್ಲೂ ಅಷ್ಟೇ. ಟಿವಿ ಮುಂದೆ ಒಂಟಿಯಾಗಿ ಬೆಳೆದ ಕೇಬಲ್‌ನವನ ಬಾಲ್ಯ ತೋರಿಸುವ ಜಾಗ ತಪ್ಪಿಸಬೇಡಿ. ಅದನ್ನು ನೋಡಿದರೆ ಕೊನೆಯ ಡಿಶ್ ಆಂಟೆನಾ ದೃಶ್ಯ ಯಾಕೆ ಹಾಗಿದೆ ಅಂತ ತಿಳಿಯುತ್ತದೆ. ಕರೋಕೆ ಹಾಡಿನ ಪಾರ್ಟಿಯಲ್ಲಿ ನಗುವೂ ಬರುತ್ತದೆ. ರಾತ್ರಿ ಒಬ್ಬರೇ ಬೇಡ, ಮನೆಯವರ ಜೊತೆ ಹಗಲು ನೋಡಿ.