ಬಿಯರ್ ಬಂದದ್ದು ನಾಲ್ಕನೇ ಪುಟದಲ್ಲಿ

ನಮಸ್ಕಾರ.

ಮಂಡ್ಯದಿಂದ ನೀವು ಕಳಿಸಿದ ಪ್ರವಾಸದ ಬರಹ ಓದಿದೆ. ಹೆಂಡತಿ, ಮಗಳು, ತಾಯಿಯವರ ಜೊತೆ ಜರ್ಮನಿಗೆ ಹೋಗಿ, ಬಾಂಬರ್ಗ್ ಊರಲ್ಲಿ ಒಂದು ಸಣ್ಣ ಬಿಯರ್ ತಯಾರಿಕೆ ನೋಡಿ ಬಂದ ಕಥೆ. ಈಗಿರುವ ಹಾಗೆ ಪತ್ರಿಕೆಗೆ ಹಾಕಲಾಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ.

ಆರು ಪುಟದಲ್ಲಿ ಮೊದಲ ಮೂರು ವೀಸಾ, ವಿಮಾನ, ಲಗೇಜಿಗೇ ಹೋಗಿವೆ. ಅಷ್ಟನ್ನೂ ಹೊಡೆದುಹಾಕಿ. 'ಕಣ್ಮನ ಸೆಳೆಯುವ' ಐದು ಸಲ ಬಂದಿದೆ. ರೆಗ್ನಿಟ್ಸ್ ಹೊಳೆಯ ನಡುವೆ ಹಳೇ ಟೌನ್‌ಹಾಲ್ ನಿಂತಿದೆ ಅಂತ ಬರೆಯಿರಿ ಸಾಕು, ಓದುವವರ ಕಣ್ಣು ತಾನೇ ಅಲ್ಲಿಗೆ ಹೋಗುತ್ತದೆ. 'ನಾನು ಕುಡಿಯುವವನಲ್ಲ' ಅಂತ ಮೂರು ಕಡೆ ಹೇಳಿದ್ದೀರಿ. ಒಂದು ಸಲ ಹೇಳಿದರೆ ನಂಬುತ್ತೇವೆ. ಮೂರು ಸಲ ಹೇಳಿದರೆ ಅನುಮಾನ ಬರುತ್ತದೆ!

ಕೆಲವು ತಪ್ಪುಗಳಿವೆ. ಜರ್ಮನಿಯ ಬವೇರಿಯಾ ಸೀಮೆಯ 1516ರ ಕಾನೂನು ಬಿಯರಿಗೆ ನಾಲ್ಕು ಪದಾರ್ಥ ಹೇಳಿತ್ತು ಅಂದಿದ್ದೀರಿ. ಮೂರೇ: ಬಾರ್ಲಿ, ಹಾಪ್ಸ್, ನೀರು. ಹುಳಿ ಬರಿಸುವ ಯೀಸ್ಟ್ ಹೆಸರು ಅದರಲ್ಲಿರಲಿಲ್ಲ. ಹಾಪ್ಸ್ ಕಾಳೂ ಅಲ್ಲ, ಬಳ್ಳಿಯ ಹೂವು; ಬಿಯರಿನ ಕಹಿ ಅದರದ್ದು. ಬಾಂಬರ್ಗ್ ಹೊಗೆ ಬಿಯರಿಗೆ ಹೆಸರಾದ ಊರು. ಬೀಚ್ ಎಂಬ ಕಾಡುಮರದ ಸೌದೆ ಉರಿಸಿ, ಆ ಹೊಗೆಯಲ್ಲೇ ಬಾರ್ಲಿ ಒಣಗಿಸುತ್ತಾರೆ. ಇಷ್ಟನ್ನೂ ನೀವು 'ವಿಶಿಷ್ಟ ರುಚಿ' ಅಂತ ಮುಗಿಸಿಬಿಟ್ಟಿದ್ದೀರಿ. ಕುಡಿಯಲಿಲ್ಲ, ಸರಿ. ಮೂಗಿಗೆ ಹೇಗಿತ್ತು? ಸೌದೆ ಒಲೆ ಮುಂದೆ ಕೂತ ಹಾಗಿತ್ತಾ?

ದೊಡ್ಡ ತಪ್ಪು ಐದನೇ ಪುಟದಲ್ಲಿದೆ. 'ಬಾರ್ಲಿಯನ್ನು ಕೊಳೆಸುತ್ತಾರೆ' ಅಂತ ನೀವು ಬರೆದಿದ್ದೀರಿ. ಅದರ ಮುಂದಿನ ಸಾಲಲ್ಲೇ ನಿಮ್ಮ ತಾಯಿ ಆ ಕಾಳನ್ನು ಅಂಗೈಗೆ ಹಾಕಿಕೊಂಡು, ಮೂಸಿ, ಎರಡು ಅಗಿದು, 'ಇದು ಮೊಳಕೆ ಕಟ್ಟಿ ಒಣಗಿಸಿದ್ದು ಕಣೋ, ನಮ್ ರಾಗಿ ಥರಾನೇ' ಅಂದಿದ್ದಾರೆ. ಅವರು ಹೇಳಿದ್ದು ಸರಿ, ನೀವು ಬರೆದದ್ದು ತಪ್ಪು. ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದೇ ಮಾಲ್ಟ್. ಮೊಳಕೆ ಒಡೆದ ಕಾಳನ್ನು ನುಚ್ಚು ಮಾಡಿ ಬಿಸಿನೀರಿಗೆ ಹಾಕಿದಾಗ ಅದರ ಪಿಷ್ಟ ಸಕ್ಕರೆಯಾಗುತ್ತದೆ, ಆ ಸಕ್ಕರೆಯನ್ನು ಯೀಸ್ಟ್ ತಿಂದರೆ ಬಿಯರ್. ನಿಮ್ಮ ಮನೇಲಿ ಮಗಳಿಗೆ ಕೊಡುವ ರಾಗಿ ಮಾಲ್ಟಿನ ಮಾಲ್ಟೂ ಇದೇ ಅಲ್ವಾ? ಬಟ್ಟೇಲಿ ರಾಗಿ ಕಟ್ಟಿಟ್ಟು ವರ್ಷಗಟ್ಟಲೆ ಮಾಡಿದ ಕೈ ನಿಮ್ಮ ತಾಯಿಯವರದು. ಭಾಷೆ ಬಾರದ ಊರಲ್ಲಿ, ಜನ್ಮದಲ್ಲಿ ಬಿಯರ್ ಮುಟ್ಟದ ಹೆಂಗಸು, ಗೈಡ್ ಬಾಯಿಬಿಡುವ ಮೊದಲೇ ಕೆಲಸದ ಗುಟ್ಟು ಹೇಳಿಬಿಟ್ಟರು. ನೀವು ಅದನ್ನು ತಮಾಷೆ ಅಂತ ಒಂದೇ ಸಾಲಿನಲ್ಲಿ ದಾಟಿದ್ದೀರಿ.

ಬರಹ ಅಲ್ಲಿಂದಲೇ ಶುರುವಾಗಲಿ. ಗೈಡ್ ಏನಂದ? ಅವನಿಗೆ ಅಮ್ಮನ ಮಾತನ್ನು ನೀವು ಹೇಳಿದಿರಾ, ಇಲ್ಲ ನಾಚಿಕೆಯಿಂದ ಸುಮ್ಮನಾದಿರಾ? ಸುಮ್ಮನಾಗಿದ್ದರೆ ಅದನ್ನೂ ಬರೆಯಿರಿ. ನಾನಾಗಿದ್ದರೆ ನಾನೂ ಸುಮ್ಮನಾಗುತ್ತಿದ್ದೆನೇನೋ.

ಎಂಟುನೂರು ಪದ ಮೀರಬೇಡಿ. ಮೈಸೂರಿಗೆ ಬಂದಾಗ ಕಚೇರಿಗೆ ಬನ್ನಿ, ಕೂತು ಮಾತಾಡೋಣ. ಇನ್ನೊಂದು ವಿಷಯ. ತಾಯಿಯವರು ಒಂದು ಹಿಡಿ ಮಾಲ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು ಅಂತ ಬರೆದು, ಗಂಟನ್ನು ಅಲ್ಲೇ ಮರೆತಿದ್ದೀರಿ. ಆ ಕಾಳು ಮಂಡ್ಯ ತಲುಪಿತಾ?