ಬರೆಯಲು ಅಂಜುವ ಮಕ್ಕಳು ಮತ್ತು ಒಂದು ನಿಮಿಷದ ವಿಡಿಯೊ

ಪ್ರಶ್ನೆ: ಕನ್ನಡ ಮಾಧ್ಯಮದ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳು ತಪ್ಪೋ ಒಪ್ಪೋ ನಾಲ್ಕು ಮಾತು ಆಡುತ್ತಾರೆ. ಬರೆಯಲು ಹೇಳಿದರೆ ಮಾತ್ರ ಗೈಡಿನ ಪ್ರಬಂಧವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಶಾಲೆಯಲ್ಲಿ ಸ್ಮಾರ್ಟ್ ಟಿವಿ ಇದೆ, ನನ್ನಲ್ಲಿ ಮೊಬೈಲ್ ಇದೆ. ವಿಡಿಯೊ ಮಾಡಿಸಿದರೆ ಈ ಅಂಜಿಕೆ ಹೋದೀತೇ?
– ಶಿಕ್ಷಕಿ, ಚನ್ನಗಿರಿ ತಾಲ್ಲೂಕು

ಉತ್ತರ: ವಿಡಿಯೊ ನೋಡುವುದರಿಂದ ಬರವಣಿಗೆ ಬಾರದು, ಮಾಡುವುದರಿಂದ ಬಂದೀತು, ಅದೂ ಮಾತನಾಡುವುದಕ್ಕೆ ಮುಂಚೆ ಬರೆದುಕೊಳ್ಳುವಂತೆ ಮಾಡಿದರೆ. ನಿಧಾನವಾಗಿ ಓದುವ ಮಗುವಿಗೆ ಒಂದು ನಿಮಿಷಕ್ಕೆ ಸುಮಾರು 100 ಇಂಗ್ಲಿಷ್ ಪದಗಳು, ಎಂದರೆ ಹತ್ತು ಹನ್ನೆರಡು ಸಣ್ಣ ವಾಕ್ಯಗಳು ಸಾಕು. ಪುಟ ತುಂಬಿಸಬೇಕೆಂದರೆ ಬೆದರುವ ಮಗು ಇಷ್ಟಕ್ಕೆ ಬೆದರುವುದಿಲ್ಲ.

ವಿಷಯವನ್ನು ಮನೆಯಿಂದಲೇ ತರಲಿ. ನಿಮ್ಮದು ಅಡಿಕೆಯ ಸೀಮೆ. ಅಜ್ಜಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವುದನ್ನು ವರ್ಣಿಸಲು ಯಾವ ಗೈಡೂ ಒದಗುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಮಕ್ಕಳು 'ಮೈ ಗ್ರ್ಯಾಂಡ್‌ಮದರ್ ಅರೆಕಾನಟ್ ಪೀಲಿಂಗ್' ಎಂದು ಬರೆಯುವುದು ಸಹಜ. ಮೊದಲು ಅಜ್ಜಿಯ ಮುಖ, ಆಮೇಲೆ ಸುಲಿಯುವ ಕೈ, ಕಡೆಗೆ ಬುಟ್ಟಿಯಲ್ಲಿನ ಅಡಿಕೆ ಎಂದು ಮೂರು ತುಣುಕುಗಳನ್ನು ಚಿತ್ರಿಸಿಕೊಂಡು ಬಂದ ಮಗುವಿಗೆ, ಇಂಗ್ಲಿಷ್ ವಾಕ್ಯದ ಪದಕ್ರಮವನ್ನು ಆ ಚಿತ್ರಗಳ ಸಾಲಿನಲ್ಲಿಯೇ ತೋರಿಸಬಹುದು. ಅಡಿಕೆಯ ಚೊಗರಿಗೆ ಇಂಗ್ಲಿಷ್ ಪದ ಹುಡುಕುತ್ತ ಕೂರಬೇಡಿ. ಅದನ್ನು ಹಾಗೆಯೇ ಬರೆದು, ಅಡಿಕೆ ಬೇಯಿಸಿ ಉಳಿದ ಕೆಂಪು ನೀರು ಎಂದು ಮುಂದಿನ ವಾಕ್ಯದಲ್ಲಿ ವಿವರಿಸಲಿ. ವಿವರಿಸುವುದೇ ಬರವಣಿಗೆಯಲ್ಲವೇ?

ನಿಜವಾದ ಲಾಭವಿರುವುದು ಧ್ವನಿ ಮುದ್ರಿಸುವಾಗ. ತಿದ್ದಿದ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಕಂಡರೆ ಮಗುವಿಗೆ ಅವಮಾನವಾಗುತ್ತದೆ. ಧ್ವನಿಮುದ್ರಣದಲ್ಲಿ 'ಇನ್ನೊಂದು ಸಲ' ಎನ್ನುವುದು ಆಟದ ಭಾಗವೇ ಆಗಿರುವುದರಿಂದ, ನಾಲಿಗೆ ತೊಡರಿದ ವಾಕ್ಯವನ್ನು ಅದು ತಾನಾಗಿಯೇ ಮತ್ತೆ ಬರೆದುಕೊಳ್ಳುತ್ತದೆ. ಮಾತನ್ನು ಪರದೆಯ ಮೇಲೆ ಬರಹವಾಗಿ ತೋರಿಸುವ ಉಪಶೀರ್ಷಿಕೆಯನ್ನು (ಸಬ್‌ಟೈಟಲ್) ವಿಡಿಯೊ ಆ್ಯಪ್ ತಾನೇ ಹಾಕುವ ಸೌಲಭ್ಯವಿದ್ದರೂ ಅದನ್ನು ಮುಟ್ಟಬೇಡಿ, ಮಕ್ಕಳೇ ಟೈಪಿಸಲಿ. ಒಂದು ಸಾಲಿಗೆ 40 ಅಕ್ಷರ ಮೀರಬಾರದೆಂಬ ಮಿತಿ ಹಾಕಿದರೆ ಉದ್ದವಾಕ್ಯಗಳು ತಾವಾಗಿಯೇ ತುಂಡಾಗುತ್ತವೆ. ಟಿವಿಯ ಮೇಲೆ ದೊಡ್ಡದಾಗಿ ಕಾಣುವ ತಪ್ಪನ್ನು ಬರೆದವರೇ ಮೊದಲು ಹಿಡಿಯುವುದನ್ನು ನಾನು ಹಲವು ಸಲ ನೋಡಿದ್ದೇನೆ.

ಒಂದೇ ಮೊಬೈಲ್ ಇರುವುದರಿಂದ ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ. ಆದರೆ ಬರಹ ಪ್ರತಿಯೊಬ್ಬರದೂ ಇರಬೇಕು. ಇಲ್ಲವಾದರೆ ಜಾಣ ಮಗು ಬರೆದು, ಮಿಕ್ಕ ಮೂವರು ಕ್ಯಾಮೆರಾ ಹಿಡಿಯುತ್ತಾರೆ. ಮುಖ ತೋರಿಸಲು ನಾಚುವವರು ಕೈಯನ್ನೂ ವಸ್ತುವನ್ನೂ ತೋರಿಸಿದರೆ ಸಾಕು. ವಿಡಿಯೊಗಳು ತರಗತಿಯಲ್ಲಿಯೇ ಇರಲಿ, ಪೋಷಕರ ಒಪ್ಪಿಗೆಯಿಲ್ಲದೆ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೂ ಹಾಕಬೇಡಿ.

ಎರಡು ವಿಡಿಯೊ ಆದ ಮೇಲೆ ಮೂರನೆಯ ಸಲ ಮೊಬೈಲನ್ನು ಚೀಲದಲ್ಲಿಯೇ ಇಟ್ಟು, ಅಷ್ಟೇ ಅಳತೆಯ ಬರಹವನ್ನು ಹಾಳೆಯ ಮೇಲೆ ಬರೆಸಿ. ನಡುವೆ ಕನ್ನಡದ ಪದ ನುಸುಳಿದರೆ ಅದರಡಿ ಗೆರೆ ಎಳೆದು, ನಿಲ್ಲದೆ ಮುಂದಕ್ಕೆ ಬರೆಯಲು ಹೇಳಿ.