ಹಲ್ಲಿನ ಲೆಕ್ಕ, ನೀರಿನ ಲೆಕ್ಕ

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ಫ್ಲೋರೈಡ್ ನೀರಿನ ಬಗ್ಗೆ ಫೀಲ್ಡ್ ವರ್ಕ್ ಕೊಟ್ಟಿದ್ದಾರೆ. ಗುಂಪಿನಲ್ಲಿ ಆರು ಜನ. ಮೂವರು ನಾವು, ಮೂವರು ಸಮಾಜಕಾರ್ಯದವರು. ನಾವು ಬಿಸಿಲಲ್ಲಿ ಬಾಟಲಿ ಹೊತ್ತು ಬೋರ್‌ವೆಲ್‌ಗಳನ್ನು ಸುತ್ತುತ್ತೇವೆ. ಅವರು ಜಗಲಿ ಮೇಲೆ ಕೂತು, ಮಾತಾಡ್ತಾ ಟೀ ಕುಡೀತಾರೆ. ಮಾರ್ಕ್ಸ್ ಮಾತ್ರ ಎಲ್ಲರಿಗೂ ಒಂದೇ! ನಾವೇ ಬೇರೆ ವರದಿ ಕೊಡ್ತೀವಿ ಅಂತ ಕೇಳಿದರೆ ತಪ್ಪಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಕೇಳೋದು ತಪ್ಪಲ್ಲಮ್ಮ. ಆದರೆ ನಿಮ್ಮ ಮೇಷ್ಟ್ರು ಒಪ್ಪಿಬಿಟ್ಟರೆ ನಷ್ಟ ನಿನಗೇ.

ನಾನೂ ಪಾಠ ಮಾಡುತ್ತಿದ್ದಾಗ ಹುಡುಗರನ್ನು ಅದೇ ಸೀಮೆಗೆ ಕರೆದುಕೊಂಡು ಹೋಗಿದ್ದೆ. ವಿಜ್ಞಾನದವರಿಗೆ ಬಾಟಲಿ, ಉಳಿದವರಿಗೆ ನೋಟ್‌ಬುಕ್ ಅಂತ ಹಂಚಿದ್ದೂ ನಾನೇ. ಅಲ್ಲೇ ಎಡವಿದೆ. ಸಂಜೆ ಗುಡಿ ಕಟ್ಟೆ ಮೇಲೆ ಮಂಡಕ್ಕಿ ಮಿರ್ಚಿ ಹರಡಿಕೊಂಡು ಕೂತಾಗ ಜಗಳ ಶುರುವಾಯಿತು. ಬಾಟಲಿಯವರು ಊರ ಶುದ್ಧ ನೀರಿನ ಘಟಕದ ನೀರಿಗೆ ಕಿಟ್‌ನ ಹನಿ ಹಾಕಿದ್ದರು. ಗುಲಾಬಿ ಬಣ್ಣ ಹಾಗೇ ಉಳಿದಿತ್ತು. ಫ್ಲೋರೈಡ್ ಜಾಸ್ತಿ ಇದ್ದರೆ ಅದು ಹಳದಿಗೆ ತಿರುಗುತ್ತದೆ. ‘ಈ ಊರಲ್ಲಿ ಸಮಸ್ಯೆ ಇಲ್ಲ’ ಅಂತ ಬರೆದೂ ಬಿಟ್ಟಿದ್ದರು. ನೋಟ್‌ಬುಕ್‌ನವರು ಹೈಸ್ಕೂಲ್ ಮಕ್ಕಳ ಹಲ್ಲು ನೋಡಿ ಬಂದಿದ್ದರು. ಕಂದು ಗೆರೆ, ಸುಣ್ಣದ ಮಚ್ಚೆ – ಫ್ಲೋರೈಡ್ ಜಾಸ್ತಿ ಇರುವ ನೀರು ಕುಡಿದ ಗುರುತು. ಸಮಸ್ಯೆ ಇಲ್ಲ ಅಂದರೆ ಅವರು ಒಪ್ಪುತ್ತಾರಾ?

ಪಕ್ಕದಲ್ಲಿ ಎಲೆಅಡಿಕೆ ಹಾಕುತ್ತಿದ್ದ ಅಜ್ಜಿ ತಲೆ ಎತ್ತಿದರು. “ಈ ಫಿಲ್ಟರ್ ನೀರು ಬಂದು ಮೂರು ವರ್ಷ ಆತು. ಈ ಹುಡುಗ್ರಿಗೆ ಹಲ್ಲು ಹುಟ್ಟಿದ್ದು ಯಾವಾಗ್ರಪ್ಪ?”

ಎಲ್ಲರೂ ಗಪ್‌ಚಿಪ್. ಹಲ್ಲಿನ ಹೊರಪದರ ಒಸಡಿನೊಳಗೇ ತಯಾರಾಗುತ್ತದೆ. ಹೆಚ್ಚುಕಡಿಮೆ ಎಂಟು ವರ್ಷದೊಳಗೆ ಆ ಕೆಲಸ ಮುಗಿಯುತ್ತದೆ. ಆಗ ಕುಡಿದ ನೀರಿನ ಕಲೆ ಆಮೇಲೆ ತಾನಾಗಿ ಹೋಗುವುದಿಲ್ಲ. ಅಂದರೆ ಬಾಟಲಿ ಹೇಳಿದ್ದು ಇವತ್ತಿನ ನೀರಿನ ಕಥೆ, ಹಲ್ಲು ಹೇಳಿದ್ದು ಹತ್ತು ವರ್ಷ ಹಿಂದಿನದು. ಆಮೇಲೆ ಸಮಾಜಕಾರ್ಯದ ಹುಡುಗಿಯೊಬ್ಬಳು ಮೆಲ್ಲಗೆ ಒಂದು ಸಾಲು ಓದಿದಳು: ‘ಕುಡಿಯಕ್ಕೆ ಕ್ಯಾನ್ ನೀರು, ಅನ್ನಕ್ಕೆ ಸಾರಿಗೆ ಬೋರ್ ನೀರು.’ ಕ್ಯಾನಿಗೆ ಐದು ರೂಪಾಯಿ ಕಾಯಿನ್ ಹಾಕಬೇಕಲ್ಲ, ಅಡುಗೆಗೂ ಯಾರು ತರುತ್ತಾರೆ? ಬೆಳಗ್ಗೆ ಬಾಟಲಿಯವರು ಹಲ್ಲುಜ್ಜುವ ಮೊದಲೇ ಬೋರ್ ನಲ್ಲಿಗೆ ಓಡಿದರು. ಹನಿ ಬಿದ್ದಿದ್ದೇ ತಡ, ಹಳದಿ. ನಮ್ಮ ದೇಶದ ಮಾನದಂಡ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಸಿಗದ ಕಡೆ 1.5. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದೂ ಇಲ್ಲ. ಆವಿಯಾಗುವುದು ನೀರು ಮಾತ್ರ.

ಜಗಲಿ ಮೇಲಿನ ಆ ಮಾತು ಇಲ್ಲದಿದ್ದರೆ ನಮ್ಮವರು ಆ ನಲ್ಲಿ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಹಾಗಾಗಿ ವರದಿ ಒಂದೇ ಇರಲಿ. ಮಾರ್ಕ್ಸ್ ವಿಷಯದಲ್ಲಿ ನಿನ್ನ ಸಿಟ್ಟು ನ್ಯಾಯವೇ. ದಿನಚರಿ ಒಬ್ಬೊಬ್ಬರೂ ಬರೆಯುತ್ತೇವೆ, ಅದಕ್ಕೆ ಬೇರೆ ಮಾರ್ಕ್ಸ್ ಕೊಡಿ ಅಂತ ನಿಮ್ಮ ಮೇಷ್ಟ್ರನ್ನು ಕೇಳು. ನಾಳೆಯಿಂದ ಇಬ್ಬಿಬ್ಬರು ಜೋಡಿಯಾಗಿ ಒಂದೇ ಮನೆಗೆ ಹೋಗಿ, ಒಬ್ಬರು ನಿಮ್ಮವರು, ಒಬ್ಬರು ಸಮಾಜಕಾರ್ಯದವರು. ಮಧ್ಯಾಹ್ನದ ಮೇಲೆ ಬಾಟಲಿ ಅವರ ಕೈಗೆ, ನೋಟ್‌ಬುಕ್ ನಿನ್ನ ಕೈಗೆ. ಮೊದಲ ದಿನ ಕಿರಿಕಿರಿ ಆಗುತ್ತೆ, ಆಗಲಿ. ಪ್ಲಾಸ್ಟಿಕ್ ಬಾಟಲಿಯೇ ಇರಲಿ, ಗಾಜಿಗೆ ಫ್ಲೋರೈಡ್ ಅಂಟಿಕೊಳ್ಳುತ್ತೆ. ಮನೆ ನಂಬರ್ ಬಾಟಲಿ ಮೈಮೇಲೆ ಬರೆ, ಮುಚ್ಚಳದ ಮೇಲೆ ಬೇಡ. ನಮ್ಮ ನಾಲ್ಕು ಬಾಟಲಿಗಳ ಮುಚ್ಚಳ ಅದಲುಬದಲಾಗಿ ಅಷ್ಟೂ ನೀರು ಚೆಲ್ಲಬೇಕಾಯಿತು.

ಇನ್ನೊಂದು ವಿಷಯ. ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇರುತ್ತೆ. ಆ ಮೂವರು ಜಗಲಿ ಮೇಲೆ ಕುಡಿದ ಟೀ ಕ್ಯಾನ್ ನೀರಿನದಾ, ಬೋರ್ ನೀರಿನದಾ? ಕೇಳಿದ್ದೀಯಾ?